ಗಡ್ಡೆಯ ಪಾತ್ರ ಅಪ್ಪನಿಗೆ

ಎದುರಾಳಿಯ ಕಠಿಣ ಪ್ರಶ್ನೆಯನ್ನು ಕಿವಿಗೇ ಹಾಕಿಕೊಳ್ಳದೆ ಮಾತು ಮುಂದುವರಿಸುವುದು ನನ್ನ ಅಪ್ಪನ ದೊಡ್ಡ ವರಸೆ ಎಂದು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ತಾಳಮದ್ದಳೆ ಕೇಳುವವರೆಲ್ಲ ನಂಬಿದ್ದರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಯಕ್ಷಗಾನದ ಪದ ಹಾಡಿದ ಮೇಲೆ ಪಾತ್ರಧಾರಿಗಳು ಎದುರುಬದುರು ಕುಳಿತು ಮಾತಿನಲ್ಲೇ ಹೊಡೆದಾಡುವ ಕೂಟ ಅದು. ಶಾಲೆಯ ಅಧ್ಯಾಪಕರಾಗಿ ನಿವೃತ್ತರಾಗಿದ್ದ ಅಪ್ಪ ಅದರಲ್ಲಿ ಹುಲಿ. ಬೆಳ್ತಂಗಡಿಯಲ್ಲಿ ಹೋಟೆಲಿಟ್ಟಿದ್ದ ಅವರ ಗೆಳೆಯರು ಖಾಯಂ ಎದುರಾಳಿ. ಅವರು ಎಡಗಡೆಯಿಂದ ಎಸೆದ ಪ್ರಶ್ನೆಯನ್ನು ಅಪ್ಪ ಗಾಳಿಗೆ ಬಿಟ್ಟಾಗಲೆಲ್ಲ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದ್ದೇನೆ.

ವರಸೆಯೂ ಇಲ್ಲ, ಮಣ್ಣೂ ಇಲ್ಲ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಮಾಣಿಯಲ್ಲಿ ಬಸ್ಸಿಳಿಯುವಾಗ ಅಪ್ಪ ತೂರಾಡಿ ಬಿದ್ದರು. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದರೆ, ಎಡಗಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಸಣ್ಣ ಗಡ್ಡೆ. ಕ್ಯಾನ್ಸರ್ ಅಲ್ಲ, ನಿಧಾನ ಬೆಳೆಯುವಂಥದ್ದು, ಆದರೆ ಆ ಕಿವಿ ಎಂದೋ ಹೋಗಿದೆ ಎಂದರು ಡಾಕ್ಟರು. ಬುರುಡೆ ತೆರೆದು ಗಡ್ಡೆ ತೆಗೆಯಬಹುದು. ಇಲ್ಲವೇ ಬೆಂಗಳೂರಿಗೆ ಹೋಗಿ, ತಲೆ ತೆರೆಯದೆ ಹೊರಗಿನಿಂದಲೇ ಕಿರಣ ಬಿಟ್ಟು ಅದು ಬೆಳೆಯದಂತೆ ತಡೆಯಬಹುದು. ಅದೂ ಬೇಡವೆಂದರೆ ಆಗಾಗ ಸ್ಕ್ಯಾನ್ ಮಾಡಿಸುತ್ತ ಕಾಯಬಹುದು. ತೆರೆದರೆ ಪಕ್ಕದ ನರಕ್ಕೆ ಪೆಟ್ಟಾಗಿ ಮುಖ ಸೊಟ್ಟಗಾದೀತು. ಕಿರಣದಲ್ಲಿ ಆ ಭಯ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಇಷ್ಟೆಲ್ಲದರಲ್ಲಿ ಅಪ್ಪ ಹಿಡಿದುಕೊಂಡದ್ದು ಮುಖದ ವಿಷಯ ಮಾತ್ರ. "ತುಟಿ ಸೊಟ್ಟಗಾದರೆ ಪ ಫ ಬ ಭ ಮ ಎಲ್ಲ ಹೋಯ್ತು. ಮತ್ತೆ ನಾನು ಅರ್ಥ ಹೇಳುವುದು ಹೇಗೆ?" ಕೂಟದಲ್ಲಿ ಆಡುವ ಮಾತಿಗೆ ನಮ್ಮಲ್ಲಿ ಅರ್ಥ ಎಂದೇ ಹೆಸರು. ಅವರಿಗೆ ಅದು ಜೀವಕ್ಕಿಂತ ಮೇಲು. ಹಾಗಾಗಿ ಏನೂ ಬೇಡ, ಕಾಯುವ ಎಂದು ಪಟ್ಟು ಹಿಡಿದರು. ಗಡ್ಡೆ ಬೆಳೆದು ಮೆದುಳನ್ನೇ ಒತ್ತಿದರೆ? ನನಗೆ ಭಯಕ್ಕಿಂತ ಸಿಟ್ಟು ಜಾಸ್ತಿ ಬಂತು.

ಒಂದು ಭಾನುವಾರ ಮಧ್ಯಾಹ್ನ, ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೂಡುಬಿದಿರೆಯಿಂದ ಜಗಳಕ್ಕೆ ಸಿದ್ಧಳಾಗಿಯೇ ಮನೆಗೆ ಬಂದೆ. ಹೋಟೆಲಿನವರೂ ಗೋಳಿಬಜೆಯ ಪೊಟ್ಟಣ ಹಿಡಿದು ಬಂದರು. ಜಗಲಿಯಲ್ಲಿ ಕುಳಿತವರೇ, "ಮಾಷ್ಟ್ರೇ, ಸುಮ್ಮನೆ ಗಲಾಟೆ ಯಾಕೆ? ಒಂದು ಕೂಟವೇ ಮಾಡುವ. ಆಪರೇಷನ್ನಿನ ಪಾತ್ರ ನನಗೆ, ಕಿರಣದ್ದು ನಿಮ್ಮ ಮಗಳಿಗೆ" ಅಂದರು.

"ಹಾಗಾದರೆ ಗಡ್ಡೆಯ ಅರ್ಥ ನಾನು ಹೇಳ್ತೇನೆ" ಎಂದು ಅಪ್ಪ ಶಾಲು ಸರಿಮಾಡಿಕೊಂಡರು.

ಚಿಕ್ಕಂದಿನಿಂದ ಚಾಪೆಯ ಮೇಲೆ ಕುಳಿತು ಕೇಳಿದವಳು ನಾನು. ಅಪ್ಪನಿಗೆ ಎದುರಾಗಿ ಕುಳಿತದ್ದು ಅದೇ ಮೊದಲು.

"ನಿನ್ನನ್ನು ಬೇರುಸಹಿತ ಕಿತ್ತೊಗೆಯುತ್ತೇನೆ!" ಎಂದು ಹೋಟೆಲಿನವರು ಗುಡುಗಿದರು.

ಅಪ್ಪ ಮುಗುಳ್ನಕ್ಕರು. "ಮಹಾನುಭಾವ, ಬಹುಕಾಲದಿಂದ ಈ ತಲೆಯಲ್ಲಿ ಒಕ್ಕಲಿದ್ದೇನೆ. ತಿಂದದ್ದು ಒಂದು ಕಿವಿ; ಇನ್ನೊಂದನ್ನು ಯಜಮಾನನಿಗೇ ಬಿಟ್ಟಿದ್ದೇನೆ. ಇಷ್ಟು ಮರ್ಯಾದೆಯ ಒಕ್ಕಲನ್ನು ಬುರುಡೆ ಒಡೆದು ಹೊರಹಾಕುವುದು ಯಾವ ಧರ್ಮ?"

ಚಹಾ ತಂದ ಅಮ್ಮನಿಗೂ ನಗು ತಡೆಯಲಿಲ್ಲ. ನಾನು ನುಗ್ಗಿದೆ. "ಒಕ್ಕಲಿರು, ಬೇಡ ಎನ್ನಲಿಲ್ಲ. ನಾನು ಸುತ್ತ ಬೇಲಿ ಹಾಕುತ್ತೇನೆ, ಅಷ್ಟೇ. ಬೇಲಿಯೆಂದರೆ ಭಯವೇಕೆ? ದಾಟುವ ಯೋಚನೆ ಉಂಟೋ?"

"ಭಲೇ!" ಎಂದು ಹೋಟೆಲಿನವರು ತೊಡೆ ತಟ್ಟಿದರು. ಅಪ್ಪನ ಕಣ್ಣು ಅರಳಿತು. ಅವರ ತಲೆಯ ಮೇಲಿನ ಆಪತ್ತನ್ನೇ ಮರೆತು ನಾನು ಹಿಗ್ಗಿ ಹೀರೇಕಾಯಿಯಾದೆ. ಹಾಗಂತ ನಾನು ಗೆಲ್ಲುತ್ತಿರಲಿಲ್ಲ. ಅಪ್ಪ ನಮ್ಮಿಬ್ಬರಿಗೂ ನೀರು ಕುಡಿಸುತ್ತಿದ್ದರು.

ಆಗ ಹೋಟೆಲಿನವರು ಎಂದಿನಂತೆ ಎಡಗಡೆಯಿಂದ ಕೇಳಿದರು. "ನೀನು ಬೆಳೆದು ಯಜಮಾನನೇ ಬಿದ್ದರೆ, ನೀನಿರುವುದು ಎಲ್ಲಿ?"

ಅಪ್ಪ ತಮ್ಮ ಪಾಡಿಗೆ ಮಾತು ಮುಂದುವರಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಅಳು ಬಂತು. ನಮ್ಮ ಮುಖ ನೋಡಿ ಅಪ್ಪ ಅರ್ಧಕ್ಕೆ ನಿಲ್ಲಿಸಿದರು. ಅಮ್ಮ ಅವರ ಬಲಗಡೆಗೆ ಬಂದು ಕುಳಿತು, ಆ ಪ್ರಶ್ನೆಯನ್ನು ಇದ್ದ ಹಾಗೆಯೇ ಹೇಳಿದರು.

ಅಪ್ಪ ಶಾಲು ತೆಗೆದು ಮಡಚಿಟ್ಟರು. ಎಷ್ಟೇ ಚೆನ್ನಾಗಿ ವಾದಿಸಿದರೂ, ಕಥೆಯಲ್ಲಿ ಸೋಲಬೇಕಾದ ಪಾತ್ರ ಕೊನೆಗೆ ಸೋಲಲೇಬೇಕು. ಅದು ಕೂಟದ ನಿಯಮ. "ಈ ಪಾತ್ರ ಗೆದ್ದರೆ ಕಥೆ ಕೆಟ್ಟಿತು" ಅಂದರು. "ಬೇಲಿ ಹಾಕು ಮಗಾ."

ಗೋಳಿಬಜೆ ತಣ್ಣಗಾಗಿತ್ತು. ಪೊಟ್ಟಣ ಖಾಲಿ ಮಾಡಿದೆವು.

ಗಡ್ಡೆ ಸಣ್ಣದಿದೆ, ಈ ವಯಸ್ಸಿಗೆ ಕಿರಣವೇ ಸರಿ ಎಂದರು ಬೆಂಗಳೂರಿನ ಡಾಕ್ಟರು. ಆಮೇಲಿನ ಸ್ಕ್ಯಾನಿನಲ್ಲಿ ಅದು ಇದ್ದಷ್ಟೇ ಇತ್ತು. ಮೂಡುಬಿದಿರೆಯಲ್ಲಿ ಅಪ್ಪನಿಗೆ ಮತ್ತೆ ಕೂಟ ಸಿಕ್ಕಿತು. ಹೋಟೆಲಿನವರು ಬೇಕೆಂದೇ ಬಲಗಡೆಗೆ ಕುಳಿತರು. ಮಾತು ಬಿಸಿಯೇರಿದಾಗ ಅವರು ಒಂದು ಕಠಿಣ ಪ್ರಶ್ನೆ ಎಸೆದರು. ಅಪ್ಪ ಕೇಳದವರಂತೆ ಮುಂದುವರಿಸಿದರು. ನಾನು ಕುಳಿತಲ್ಲಿಂದ ಅರ್ಧ ಎದ್ದೆ. ಈ ಕಿವಿಯೂ ಹೋಯಿತೇ?

"ಬಲಗಿವಿಗೇ ಹೇಳಿದ್ದು ಮಾಷ್ಟ್ರೇ!" ಎಂದು ಹೋಟೆಲಿನವರು ಪಾತ್ರ ಮರೆತು ಕೂಗಿದರು.

ಅಪ್ಪ ಜನರ ಕಡೆ ತಿರುಗಿ ನಕ್ಕರು. ತುಟಿಯ ಎರಡೂ ತುದಿ ಒಂದೇ ಸಮ ಮೇಲೇರಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನು.