ಗಾಳಿಯಲ್ಲಿ ಹೊರಳಿದ ರೆಕ್ಕೆ

ಸವದತ್ತಿಯಲ್ಲಿ ಎಂಜಿನಿಯರಿಂಗ್ ಡಿಪ್ಲೊಮಾ ಮಕ್ಕಳಿಗೆ ಪಾಠ ಹೇಳುವ ಯಶೋಧಾಗೆ ಸಿಟ್ಟು ಬರುವುದೇ ಅಪರೂಪ. ಆ ವೈಶಾಖದಲ್ಲಿ ಮಾತ್ರ ಬಂದ ಸಿಟ್ಟು ಇಳಿಯಲೇ ಇಲ್ಲ.

ಹೂಲಿ ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆ ಬಿರುಗಾಳಿಗೆ ಮುರಿದು, ಅದರ ಆಳುದ್ದದ ಚೂರೊಂದು ಅವಳ ಚಿಗವ್ವ ಕೃಷ್ಣವ್ವನ ದನದ ಕೊಟ್ಟಿಗೆಯ ತಗಡು ಸೀಳಿಕೊಂಡು ಒಳಗೆ ಬಿದ್ದಿತ್ತು. ಎಮ್ಮೆ ಹೊರಗಿದ್ದದ್ದರಿಂದ ಉಳಿಯಿತು. ಕೃಷ್ಣವ್ವ ಬಾಯಿ ತೆರೆಯುವ ಮೊದಲೇ ಗಾಳಿಯಂತ್ರದ ಕಂಪನಿಯವರು ಅವಳ ಮೇಲೆ ಕಳವಿನ ದೂರು ಕೊಟ್ಟರು. ಚೂರು ನೂರೈವತ್ತು ಮೀಟರ್ ದಾಟಲಾರದಂತೆ. ಕೊಟ್ಟಿಗೆ ಇರುವುದು ಮುನ್ನೂರು ಮೀಟರ್ ಆಚೆ. ಅಂದಮೇಲೆ ಅವಳೇ ಹೊತ್ತೊಯ್ದಿರಬೇಕು!

ಠಾಣೆಯಲ್ಲಿ ಕಂಪನಿಯ ಎಂಜಿನಿಯರ್ ಸಂಕೇತ, ಚೂರು ಹಾರಿದ ದಾರಿಯನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದ.

"ಕಂಪ್ಯೂಟರ್ ಸುಳ್ಳು ಹೇಳೂದಿಲ್ರಿ ಸಾಹೇಬ್ರ. ಆ ಓಣಿ ಮಂದಿ ಎಂಥಾವ್ರು ಅಂತ ನಿಮಗೂ ಗೊತ್ತದ."

ಕೃಷ್ಣವ್ವ ಎದ್ದು ನಿಂತಳು. "ಇಪ್ಪತ್ತು ವರ್ಷ ಸಾಲ್ಯಾಗ ಅಡಗಿ ಮಾಡೇನಿ. ಒಂದು ಹಿಡಿ ಅಕ್ಕಿ ಮನಿಗೆ ಒಯ್ದಿಲ್ಲ. ನನಗ ಕಳ್ಳಿ ಅಂತೀರಿ?"

ಚಿಗವ್ವನ ಜೊತೆ ಬಂದಿದ್ದ ಯಶೋಧಾ ಪರದೆಯನ್ನೇ ನೋಡುತ್ತಿದ್ದಳು. "ನಿಮ್ಮ ಚೂರು ತಿರಗೂದ ಇಲ್ಲಲ್ರಿ?"

"ಯಾಕ ತಿರಗಬೇಕ್ರಿ?"

"ಗಾಳಿ ಅದನ್ನ ಹೊರಳಸ್ತದ. ಅದು ಹೊರಳಿದಂಗ ಸುತ್ತಲಿನ ಗಾಳಿನೂ ಬದಲಾಗ್ತದ. ನೀವು ರೆಕ್ಕಿನ್ನ ಕಲ್ಲು ಮಾಡೀರಿ!"

ಅದನ್ನು ಲೆಕ್ಕ ಹಾಕಿ ತೋರಿಸಲು ಇನ್‌ಸ್ಪೆಕ್ಟರ್ ಶಂಕರೆಪ್ಪ ಹದಿನೈದು ದಿನ ಗಡುವು ಕೊಟ್ಟರು. ಠಾಣೆಯ ಅಂಗಳದಲ್ಲೇ ಚೂರನ್ನು ತೂಗಿ, ಅಳೆದು, ಅವಳು ರಜೆಯಿಂದಾಗಿ ಖಾಲಿಯಿದ್ದ ಕಾಲೇಜು ಲ್ಯಾಬಿನ ಹನ್ನೆರಡು ಕಂಪ್ಯೂಟರುಗಳ ಮುಂದೆ ಕುಳಿತಳು. ಕ್ಷಣಕ್ಷಣಕ್ಕೂ ಚೂರಿನ ಸುತ್ತ ಗಾಳಿ ಹೇಗೆ ಹರಿಯುತ್ತದೆ, ಅದನ್ನು ಎಷ್ಟು ನೂಕುತ್ತದೆ, ಎತ್ತ ತಿರುಗಿಸುತ್ತದೆ ಎಂದು ಲೆಕ್ಕ ಹಾಕಬೇಕು. ಚೂರು ಜಾಗ ಬದಲಿಸಿದೊಡನೆ ಮತ್ತೆ ಮೊದಲಿನಿಂದ. ಮೊದಲ ವಾರ ಲೆಕ್ಕ ಕೆಟ್ಟು ಪರದೆಯ ಮೇಲಿನ ಚೂರು ಆಕಾಶಕ್ಕೇ ಏರಿ ಮಾಯವಾಗುತ್ತಿತ್ತು. ಅವಳು ತನ್ನನ್ನೇ ಬೈದುಕೊಂಡು ತಪ್ಪು ಹುಡುಕಿದಳು.

ಕೊನೆಗೆ ಕಂಪ್ಯೂಟರಿನಲ್ಲೇ ರೆಕ್ಕೆಯನ್ನು ಇನ್ನೂರು ಬಗೆಯಲ್ಲಿ ಮುರಿದು ಹಾರಿಸಿ ನೋಡಿದಳು. ಹೆಚ್ಚಿನವು ಹತ್ತಿರವೇ ಬಿದ್ದವು. ಮೂವತ್ತೊಂದು ಮಾತ್ರ ಗಾಳಿಗೆ ಸಿಕ್ಕ ಪತ್ರಾವಳಿಯಂತೆ ತೇಲಿ ಮುನ್ನೂರು ಮೀಟರ್ ದಾಟಿದವು.

ಠಾಣೆಯಲ್ಲಿ ಸಂಕೇತ ಅವಳ ಲೆಕ್ಕವನ್ನು ಸಾಲುಸಾಲಾಗಿ ತಾಳೆ ನೋಡಿದ. "ಲೆಕ್ಕ ಖರೇ ಐತ್ರಿ," ಎಂದ, ತಲೆ ಎತ್ತದೆ.

ದೂರು ಹಿಂದಕ್ಕೆ ಹೋಯಿತು. 'ತಪ್ಪು ತಿಳಿವಳಿಕೆ' ಎಂದು ಕಂಪನಿ ಎರಡು ಸಾಲಿನ ಪತ್ರ ಕಳಿಸಿತು.

"ಓಣಿಗೆಲ್ಲ ಕೇಳೂ ಹಂಗ ಕಳ್ಳಿ ಅಂದ್ರು. ಈಗ ಕಾಗದದಾಗ ಪಿಸುಗುಟ್ಟಿದ್ರ ಹೆಂಗ? ಮನಿಗೆ ಬಂದು ಹೇಳ್ಲಿ," ಎಂದು ಕೃಷ್ಣವ್ವ ಪತ್ರ ವಾಪಸು ಕಳಿಸಿದಳು.

ಕಂಪನಿಯಿಂದ ಹೊಸ ತಗಡು ಬಂತು, ಮನುಷ್ಯರು ಬರಲಿಲ್ಲ. ಕೃಷ್ಣವ್ವ ಅದನ್ನು ವಾರಗಟ್ಟಲೆ ಅಂಗಳದಲ್ಲೇ ಬಿಟ್ಟಳು. ಮಳೆ ಹಿಡಿದಾಗ ಎಮ್ಮೆ ನೆನೆಯುವುದನ್ನು ನೋಡಲಾರದೆ ಯಶೋಧಾಳೇ ಅದನ್ನು ಕೊಟ್ಟಿಗೆಗೆ ಹೊದಿಸಿದಳು, ಹಲ್ಲು ಕಚ್ಚಿಕೊಂಡು.