ತಮ್ಮಣ್ಣನ ಗಾಡಿ ನಿಲ್ಲತೈತಿ

ಬೆಳಗಾವಿಯಿಂದ ಖಾನಾಪುರಕ್ಕೆ ಆಗ ಬಸ್ಸಿನಲ್ಲಿ ಒಂದು ತಾಸು, ಸೈಕಲ್ಲಿನಲ್ಲಿ ಎರಡು ತಾಸು, ನಮ್ಮ ತಮ್ಮಣ್ಣನ ಹೊಸ ಮಾರುತಿ ಕಾರಿನಲ್ಲಿ ಎರಡೂವರೆ ತಾಸು. ಇದರಲ್ಲಿ ಕಾರಿನ ತಪ್ಪು ಏನೇನೂ ಇರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಆ ಬಡಪಾಯಿ ಗಾಡಿಯನ್ನು ಬೈಯುವುದು ಬೇಡ.

ಎಂಬತ್ತಾರರಲ್ಲಿ ಅದು ನೆಹರು ನಗರದ ನಮ್ಮ ಓಣಿಗೆ ಬಂದಾಗ ಹೆಂಗಸರು ಒಲೆ ಮೇಲಿನ ಹಾಲು ಬಿಟ್ಟು ಹೊರಗೆ ಬಂದಿದ್ದರು. ಕೆಂಪು ಬಣ್ಣ, ಗಿಡ್ಡ ಮೈ, ಹಿಂದುಗಡೆ ಮೇಲಕ್ಕೆತ್ತುವ ಬಾಗಿಲು. ಅಲ್ಲಿಯವರೆಗೆ ನಾವು ಕಂಡ ಕಾರುಗಳೆಂದರೆ ಅಂಬಾಸಡರ್ ಮತ್ತು ಫಿಯೆಟ್. ಅವು ಹೊರಡುವ ಮುಂಚೆ ಕೆಮ್ಮಿ ಕ್ಯಾಕರಿಸಿ ಓಣಿಯನ್ನೆಲ್ಲ ಎಬ್ಬಿಸುತ್ತಿದ್ದವು. ಇದು ಹಾಗಲ್ಲ, ಹಗ್ಗ ಬಿಚ್ಚಿದ ಕರುವಿನಂತೆ ಜಿಗಿಯುತ್ತಿತ್ತು. ಕ್ಯಾಂಪಿನ ಮಿಲಿಟರಿ ಜೀಪುಗಳನ್ನು ಕೂಡ ಹಿಂದೆ ಹಾಕುತ್ತಿತ್ತು.

ತಮ್ಮಣ್ಣನಿಗೆ ಖಾನಾಪುರದಲ್ಲಿ ಹಂಚಿನ ಅಂಗಡಿ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಬೆಳಗಾವಿಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಇಬ್ಬರೂ ದಿನಾ ಬಸ್ಸಿಗೆ ಜೋತಾಡಿಕೊಂಡು ಹೋಗುತ್ತಿದ್ದವರು. ಇನ್ನು ಮೇಲೆ ಕಾಲು ಚಾಚಿ ಕುಳಿತು ಅರ್ಧ ತಾಸಿನಲ್ಲಿ ಖಾನಾಪುರ ಮುಟ್ಟೋಣ ಎಂದು ಅವನು ಹೇಳಿದಾಗ ನಾನು ನಂಬಿದೆ. ಗಣಿತ ಕಲಿಸುವವನು ಲೆಕ್ಕ ಹಾಕುತ್ತಾನೆ, ಮನುಷ್ಯರನ್ನು ಓದುವುದಿಲ್ಲ.

ತಮ್ಮಣ್ಣನ ರೋಗ ಇದು: ರಸ್ತೆಯ ಮೇಲೆ ಗುರುತಿನ ಮುಖ ಕಂಡರೆ ಗಾಡಿ ನಿಲ್ಲಿಸದೆ ಮುಂದೆ ಹೋಗಲು ಅವನಿಂದ ಆಗದು. ನಮ್ಮ ಕಡೆ ದಾರಿಯಲ್ಲಿ ಕಂಡವರಿಗೆಲ್ಲ "ಬರ್ರಿ" ಅನ್ನುವುದು ರೂಢಿ. "ಇಲ್ರೀ, ನೀವು ನಡೀರಿ" ಅನ್ನುವುದೂ ರೂಢಿ. ಅಲ್ಲಿಗೆ ವ್ಯವಹಾರ ಮುಗಿಯುತ್ತದೆ. ತಮ್ಮಣ್ಣ ಈ ಪಾಠದ ಮೊದಲರ್ಧ ಮಾತ್ರ ಕಲಿತಿದ್ದ. ಎದುರಿನವರು ಇಲ್ಲ ಅಂದರೆ ಇಂಜಿನ್ ಆರಿಸಿ, ಕೆಳಗಿಳಿದು, ಕೈ ಹಿಡಿದು ಜಗ್ಗುತ್ತಿದ್ದ. ಹತ್ತಿದವರು ತಮ್ಮ ಊರು ಬಂದಾಗ ಚಾಕ್ಕೆ ಕರೆಯುತ್ತಿದ್ದರು. ಅದಕ್ಕೂ ಹೋಗುತ್ತಿದ್ದ.

ಕ್ಯಾಂಪಿನ ಮೂಲೆಯಲ್ಲಿ ಬ್ರೆಡ್ ವ್ಯಾಪಾರದ ಸಮದ ಕಾಯುತ್ತಿದ್ದ. ಹಿಂದಿನ ಬಾಗಿಲು ಎತ್ತಿ ತನ್ನ ಪೆಟ್ಟಿಗೆಗಳನ್ನು ತಾನೇ ಜೋಡಿಸಿಕೊಳ್ಳುತ್ತಿದ್ದ. ಈದಲಹೊಂಡದ ಹತ್ತಿರ ಕೋಳಿ ಬುಟ್ಟಿಯ ಚಂದ್ರವ್ವ. ಬುಟ್ಟಿ ನನ್ನ ತೊಡೆಯ ಮೇಲೆ. ಹಿಂದೆ ಬಾಗಿಲು ಇದ್ದ ಗಾಡಿ ಅಂದಮೇಲೆ ಅದು ಟೆಂಪೊ ಎಂದೇ ಚಂದ್ರವ್ವನ ತಿಳಿವಳಿಕೆ. ಇಳಿಯುವ ಜಾಗ ಬಂದಾಗ ಮೇಲಿನ ತಗಡನ್ನು ಡಬಡಬ ಬಡಿಯುತ್ತಿದ್ದಳು. ತಮ್ಮಣ್ಣನೂ ಕಂಡಕ್ಟರ್ ಹೇಳಿದಂತೆ ಗಪ್ಪನೆ ನಿಲ್ಲಿಸುತ್ತಿದ್ದ.

ಇಬ್ಬರು ಗುರುತಿನವರ ನಡುವೆ ಖಾಲಿ ರಸ್ತೆ ಸಿಕ್ಕಿತೋ, ಗಾಡಿ ಹಾರುತ್ತಿತ್ತು. ಬಸ್ಸನ್ನು ಸೊಂಯ್ ಎಂದು ಹಿಂದೆ ಹಾಕುತ್ತಿದ್ದೆವು. ಮುಂದಿನ ಊರಿನಲ್ಲಿ ನಾವು ಚಾ ಕುಡಿಯುವಾಗ ಅದೇ ಬಸ್ಸು ನಮ್ಮನ್ನು ದಾಟುತ್ತಿತ್ತು. ಕೊನೆಗೆ ಆ ಡ್ರೈವರ್ ನನ್ನನ್ನು ಕಂಡರೆ ಮರುಗಲು ಶುರು ಮಾಡಿದ. ನಮ್ಮ ಹೆಡ್ಮಾಸ್ತರು ಮಾತ್ರ ಮರುಗಲಿಲ್ಲ. ಒಂದು ದಿನ ಸಿಟ್ಟು ಬಂದು, ನಿನ್ನ ಗಾಡಿಯೂ ಬೇಡ ನೀನೂ ಬೇಡ ಎಂದು ಬಸ್ಸಿಗೆ ಹೋಗಿ ನಿಂತೆ. ರಸ್ತೆಯಲ್ಲಿ ಗುರುತಿನ ಮುಖ ಕಂಡಿತಲ್ಲ, ತಮ್ಮಣ್ಣ ಗಾಡಿ ನಿಲ್ಲಿಸಿ, ಇಳಿದು, ನನ್ನ ಕೈ ಹಿಡಿದು ಜಗ್ಗಿದ.

ನನ್ನದು ಹೋಗಲಿ. ಅವನ ಹೆಂಡತಿ ಗಂಗಾದೇವಿಯದು ಇದಕ್ಕಿಂತ ದೊಡ್ಡ ದುಃಖ. ಮದುವೆಯಾದಾಗಿನಿಂದ ಆಕೆ ಬೇರೆ ಯಾರ ಮದುವೆಯಲ್ಲೂ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವುದನ್ನು ಕಂಡಿರಲಿಲ್ಲ. ಗಂಡನ ಜೊತೆ ಹೊರಟರೆ ಮುಟ್ಟುವುದು ಊಟದ ಹೊತ್ತಿಗೆ, ಅದೂ ಹುಗ್ಗಿಯ ಪಾತ್ರೆ ತಳ ಕಂಡ ಮೇಲೆ. ನೆಂಟರ ಮನೆಯ ಯಾವ ಅಲ್ಬಮ್ ತೆರೆದರೂ ಈ ಜೋಡಿ ಇರುವುದು ಪಂಕ್ತಿಯ ಫೋಟೋದಲ್ಲಿ, ಎಲೆಯ ಮುಂದೆ ಬಾಯಿ ತೆರೆದುಕೊಂಡು. ಊಟಕ್ಕಷ್ಟೇ ಬರುತ್ತಾರೆ ಎಂದು ಓರಗಿತ್ತಿಯರು ನಗುತ್ತಿದ್ದರು. ತಮ್ಮಣ್ಣ ಅಷ್ಟು ವರ್ಷ ಬಸ್ಸಿನ ಮೇಲೆ ಗೂಬೆ ಕೂರಿಸಿದ್ದ. ಆಕೆ ಹಟ ಹಿಡಿದು ಕಾರು ತರಿಸಿದ್ದೇ ಆ ನೆಪ ಕಳೆಯಲೆಂದು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರಲ್ಲ, ಇಲ್ಲಿ ನೆಲ ಸಪಾಟಾದ ಮೇಲೂ ಕುಣಿತ ಅದೇ ಉಳಿಯಿತು.

ಅಷ್ಟರಲ್ಲಿ ಖಾನಾಪುರದಲ್ಲಿದ್ದ ಗಂಗಾದೇವಿಯ ಅಕ್ಕನ ಮಗಳು ಕಾಂತಾಳ ಮದುವೆ ಗೊತ್ತಾಯಿತು. ಕಾಂತಾ ಕಾಲೇಜು ಓದಿದ್ದು ಗಂಗಾದೇವಿಯ ಮನೆಯಲ್ಲಿ ಇದ್ದುಕೊಂಡು. ಮಕ್ಕಳಿಲ್ಲದ ಆ ಮನೆಯಲ್ಲಿ ದಿನಾ ಬೆಳಿಗ್ಗೆ ಜಡೆ ಹಾಕಿಸಿಕೊಂಡ ಹುಡುಗಿ. ಆಕೆ ತನ್ನ ಮಾವಶಿ ಗಂಗಾದೇವಿಯ ಕೈ ಹಿಡಿದು, ಈ ಸಲ ನಿನ್ನ ಕೈಯಿಂದ ನನ್ನ ತಲೆಯ ಮೇಲೆ ಅಕ್ಕಿಕಾಳು ಬೀಳಲೇಬೇಕು ಎಂದು ಹೇಳಿಹೋಗಿದ್ದಳು. ಆ ರಾತ್ರಿ ಗೋಡೆಯಾಚೆ ಗಂಗಾದೇವಿ ಅತ್ತದ್ದು ನಮಗೆ ಕೇಳಿಸಿತು.

ಮದುವೆಯ ದಿನ ಕಾರು ಹತ್ತುವ ಮೊದಲು ಆಕೆ ಗಂಡನ ಕೊರಳಿನ ಲಿಂಗ ಮುಟ್ಟಿಸಿ ಆಣೆ ಹಾಕಿಸಿದಳು. ನನ್ನನ್ನು ಸಾಕ್ಷಿಗೆ ಕರೆದಳು.

"ಊರಿಗೆ ಉಪಕಾರಿ, ಮನಿಗೆ ಮಾರಿ ಆಗೀರಿ ನೀವು. ಇವತ್ತ ಒಂದಿನ ಯಾರಿಗೂ ನಿಲ್ಲಸಬ್ಯಾಡ್ರಿ. ನನಗ ನಾಚಿಕಿ ಬಂದು ಹೋಗೇತಿ."

ತಮ್ಮಣ್ಣ ತಲೆ ತಗ್ಗಿಸಿ ಹೂಂ ಅಂದ. ಆ ದಿನ ನಾನು ಆ ಗಾಡಿಯ ನಿಜವಾದ ಓಟ ಕಂಡೆ. ಕ್ಯಾಂಪಿನ ಮೂಲೆಯಲ್ಲಿ ಸಮದ ಪೆಟ್ಟಿಗೆ ಎತ್ತಿಕೊಂಡು ಒಂದು ಕಾಲು ರಸ್ತೆಗೆ ಇಟ್ಟಿದ್ದ. ಆ ಕಾಲು ಅಲ್ಲೇ ಉಳಿಯಿತು. ಮಚ್ಛೆ ಊರು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಗುರುತಿನ ಮುಖ ಕಂಡಾಗಲೆಲ್ಲ ತಮ್ಮಣ್ಣನ ಕೈ ತಾನೇ ಮೇಲೇಳುತ್ತಿತ್ತು, ಹೆಂಡತಿ ಕೆಮ್ಮಿದ ಕೂಡಲೇ ಸ್ಟಿಯರಿಂಗಿಗೆ ಮರಳುತ್ತಿತ್ತು. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ಹಿಂದೆ ಕುಳಿತ ನನಗೆ ಕಾಣುತ್ತಿತ್ತು.

ದೇಸೂರಿನ ಹತ್ತಿರ ಬಸ್ಸೊಂದು ಬಾನೆಟ್ ತೆರೆದುಕೊಂಡು ಕೆಟ್ಟು ನಿಂತಿತ್ತು. ಜನ ಕೈ ಮಾಡುತ್ತಿದ್ದರು. ಅವರಿಂದ ಸ್ವಲ್ಪ ಮುಂದೆ ಒಬ್ಬರು ಬಿಸಿಲಿಗೆ ಕಪ್ಪು ಛತ್ರಿ ಅಡ್ಡ ಹಿಡಿದು ನಿಂತಿದ್ದರು. ಮುಖ ಕಾಣಲಿಲ್ಲ.

"ಮುಂದ ನೋಡ್ರಿ," ಅಂದಳು ಗಂಗಾದೇವಿ.

ಗಾಡಿ ಹಾದುಹೋಯಿತು. ಸ್ವಲ್ಪ ದೂರ ಹೋದ ಮೇಲೆ ತಮ್ಮಣ್ಣ, ಯಾರೋ ನಮ್ಮವರೇ ಇದ್ದಂತಿತ್ತು ಎಂದು ಗೊಣಗಿದ. ನಿಮಗೆ ಜಗತ್ತೆಲ್ಲ ನಮ್ಮವರೇ ಎಂದು ಆಕೆ ಬಾಯಿ ಮುಚ್ಚಿಸಿದಳು.

ಖಾನಾಪುರದಲ್ಲಿ ಹಂದರದ ಕೆಳಗೆ ಇನ್ನೂ ಜಮಖಾನೆ ಹಾಸುತ್ತಿದ್ದರು. ಕಾಂತಾಳ ತಂದೆ ನಾಗಲಿಂಗ ನಮ್ಮನ್ನು ಕಂಡವನೇ ತನ್ನ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದ, ನಿಂತುಹೋಗಿದೆಯೋ ಏನೋ ಎಂದು. ಗಂಗಾದೇವಿ ಎಲ್ಲರ ಮುಂದೆ ಹಾದು ಹೋಗಿ ಮೊದಲ ಸಾಲಿನಲ್ಲಿ ಕುಳಿತಳು. ಅಕ್ಕಿಕಾಳು ಹಂಚುವವರು ಬಂದಾಗ ಎಲ್ಲರಿಗಿಂತ ಮೊದಲು ಕೈ ಚಾಚಿದಳು. ಆ ಮುಖದ ಸಂತೋಷ ನೋಡಿ ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಹಂದರ ತುಂಬಿತು. ಮದುಮಕ್ಕಳು ಬಂದು ನಿಂತರು. ಮುಹೂರ್ತ ಹತ್ತಿರ ಬಂತು, ಮದುವೆ ಮಾಡಿಸುವ ಅಯ್ಯಾರು ಬರಲಿಲ್ಲ. ಈರಯ್ಯನವರು ಬೆಳಗಾವಿಯಿಂದ ಮುಂಜಾನೆಯ ಬಸ್ಸಿಗೆ ಹೊರಟಿದ್ದಾರೆ, ಯಾಕೆ ಮುಟ್ಟಲಿಲ್ಲವೋ ತಿಳಿಯದು ಎಂದು ನಾಗಲಿಂಗ ಕೈ ಹಿಸುಕಿಕೊಂಡ.

ಗಂಗಾದೇವಿ ಮೆಲ್ಲಗೆ ಕೇಳಿದಳು: "ಛತ್ರಿ ತಂದಾರೇನು ಅವರು?"

"ಈರಯ್ಯನವರು ಛತ್ರಿ ಬಿಟ್ಟು ಎಂದ ಹೋಗ್ಯಾರ?" ಅಂದ ನಾಗಲಿಂಗ.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಂಗಾದೇವಿ ಕೈಯಲ್ಲಿದ್ದ ಅಕ್ಕಿಕಾಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು. ಗಂಡನೊಬ್ಬನನ್ನೇ ಕಳಿಸಿದರೆ ಸಂಜೆಯೇ ಗತಿ ಎಂದು ಆಕೆಗೆ ಗೊತ್ತಿತ್ತು. ಅಯ್ಯಾರ ಮುಂದೆ ತಪ್ಪಾಯಿತು ಅನ್ನಲು ಓದಿದವನೊಬ್ಬ ಇರಲಿ ಎಂದು ನನ್ನನ್ನೂ ಹತ್ತಿಸಿದರು.

ಬಸ್ಸು ಅಲ್ಲೇ ಇತ್ತು, ಜನ ಇರಲಿಲ್ಲ. ಈರಯ್ಯನವರು ಒಬ್ಬರೇ ಅದೇ ಜಾಗದಲ್ಲಿ ಛತ್ರಿ ಹಿಡಿದು ನಿಂತಿದ್ದರು. ನಮ್ಮನ್ನು ಕಂಡು ಸಿಟ್ಟಾಗಲಿಲ್ಲ. ಅದೇ ಕಷ್ಟವಾಯಿತು.

"ಲಾರಿಯವ ಎಲ್ಲಾರನೂ ಕರಕೊಂಡು ಹೋದ," ಅಂದರು. "ನನಗೂ ಹತ್ರಿ ಅಂದ. ತಮ್ಮಣ್ಣನ ಗಾಡಿ ಬರತೈತಿ, ಅದು ನಿಲ್ಲತೈತಿ, ನೀ ನಡಿ ಅಂದೆ. ಲಾರಿ ಬರೂ ಮೊದಲ ಇಂಥಾದ ಒಂದ ಕೆಂಪ ಗಾಡಿ ಹೋತು. ತಮ್ಮಣ್ಣಂದಲ್ಲ ಬಿಡು ಅನಕೊಂಡೆ. ಅಂವ ಆಗಿದ್ರ ನಿಲ್ಲಸ್ತಿದ್ದ."

ತಪ್ಪಾಯಿತು ಅನ್ನಲು ಬಂದಿದ್ದ ನಾನು ಇಳಿದು ಮುಂದಿನ ಬಾಗಿಲು ತೆರೆದು ಹಿಡಿದೆ. ತಮ್ಮಣ್ಣ ಕಣ್ಣೊರೆಸಿಕೊಂಡ, ಧೂಳು ಬಿತ್ತು ಎಂದ. ಗಂಗಾದೇವಿ ಕೆಳಗಿಳಿದು ರಸ್ತೆಯಲ್ಲೇ ಅಯ್ಯಾರ ಪಾದ ಮುಟ್ಟಿ, ಆ ಗಾಡಿ ನಮ್ಮದೇ, ನಿಲ್ಲಿಸಬೇಡಿ ಅಂದವಳು ನಾನೇ ಎಂದು ಇದ್ದದ್ದು ಇದ್ದಂತೆ ಹೇಳಿದಳು. ಮುಹೂರ್ತ ಮೀರುತ್ತದಲ್ಲ ಎಂದು ಅಳು ಬಂತು ಆಕೆಗೆ.

ಈರಯ್ಯನವರು ಛತ್ರಿ ಮಡಚಿ ಮುಂದಿನ ಸೀಟಿನಲ್ಲಿ ಕುಳಿತರು. "ಅಳಬ್ಯಾಡವ್ವಾ. ಒಳ್ಳೇ ಕೆಲಸಕ್ಕ ಕೆಟ್ಟ ಹೊತ್ತು ಎಲ್ಲೀದು? ನಾವು ಮುಟ್ಟಿದ್ದ ಮುಹೂರ್ತ."

ಗಾಡಿ ಹೊರಟಿತು. ಗಂಗಾದೇವಿ ನನ್ನ ಬಾಜು ಕುಳಿತು ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಯ್ಯಾರು ಕುಳಿತ ಈ ಗಾಡಿ ಮುಟ್ಟದೆ ಅಕ್ಕಿಕಾಳು ಬೀಳುವ ಹಾಗಿಲ್ಲ ಎಂಬುದು ಆಕೆಗೆ ನಿಧಾನವಾಗಿ ತಿಳಿಯುತ್ತಿತ್ತು. ಈದಲಹೊಂಡದ ಹತ್ತಿರ ಬಿಸಿಲಲ್ಲಿ ಚಂದ್ರವ್ವ ಕೋಳಿ ಬುಟ್ಟಿ ಹೊತ್ತು ನಡೆದಿದ್ದಳು. ತಮ್ಮಣ್ಣ ಆಣೆ ನೆನೆದು ಕಣ್ಣನ್ನು ರಸ್ತೆಗೆ ಕಟ್ಟಿಕೊಂಡ.

"ನಿಲ್ಲಸ್ರಿ," ಅಂದಳು ಗಂಗಾದೇವಿ.

"ಆಣಿ ಹಾಕಸೀಯಲ್ಲ?"

"ಹಾಕಿಸಿದಾಕಿ ನಾ. ಬಿಡಸಾಕಿನೂ ನಾನ. ನಿಲ್ಲಸ್ರಿ."

ಆಮೇಲೆ ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಂಡನದೇ ದನಿಯಲ್ಲಿ, "ಬಾರವ್ವಾ, ಕುಂದರು ಬಾ" ಎಂದು ಕರೆದಳು. ಕೋಳಿ ಬುಟ್ಟಿ ರೂಢಿಯಂತೆ ನನ್ನ ತೊಡೆಯ ಮೇಲೆ ಬಂತು.

ಹಂದರದ ಮುಂದೆ ಈರಯ್ಯನವರು ಇಳಿದರು. ಗಂಗಾದೇವಿ ಗಂಟು ಬಿಚ್ಚುತ್ತ ಓಡಿದಳು. ಬುಟ್ಟಿಯಿಂದ ಬಿಡುಗಡೆಯಾದ ನಾನೂ ಹಿಂದೆಯೇ ಓಡಿದೆ.

ಕಾಂತಾಳ ಮದುವೆಯ ಅಲ್ಬಮ್ ಈಗಲೂ ಇದೆ. ಅದರಲ್ಲಿ ಗಂಗಾದೇವಿ ಎಲ್ಲರಿಗಿಂತ ಮುಂದೆ ನಿಂತು ಕೈ ಎತ್ತಿದ್ದಾಳೆ, ಕಾಂತಾಳ ತಲೆಯ ಮೇಲೆ ಅಕ್ಕಿಕಾಳು ಬೀಳುತ್ತಿದೆ, ಇಬ್ಬರೂ ಅಳುತ್ತ ನಗುತ್ತಿದ್ದಾರೆ. ಆ ಫೋಟೋದಲ್ಲಿ ತಮ್ಮಣ್ಣ ಇಲ್ಲ. ಚಂದ್ರವ್ವನನ್ನು ಸಂತೆಯವರೆಗೆ ಬಿಟ್ಟುಬರಲು ಹೋಗಿದ್ದ. ಅವನು ಇರುವುದು ಊಟದ ಫೋಟೋದಲ್ಲಿ, ಕೊನೆಯ ಪಂಕ್ತಿಯಲ್ಲಿ, ಒಬ್ಬನೇ. ಪಕ್ಕದಲ್ಲಿ ಗಂಗಾದೇವಿ ತಾನು ಎತ್ತಿಟ್ಟಿದ್ದ ಹುಗ್ಗಿ ಬಡಿಸುತ್ತಿದ್ದಾಳೆ.