ಹ್ಯಾಂಡಲ್ ತಿರುಗಿಸಿದರೆ ಆಯ್ತಲ್ಲ

ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಸೈಕಲ್ಲಿನ ಬಣ್ಣ ನೀಲಿಯೋ ಹಸಿರೋ, ಈಗ ಖಚಿತವಾಗಿ ನೆನಪಿಲ್ಲ. ಅಮ್ಮ ಅದರ ಬಾಗಿದ ಹ್ಯಾಂಡಲ್ ಹಿಡಿದು ನಿಂತದ್ದು ಮಾತ್ರ ನಿಜ. ಠಾಣೆ ಶಹರದ ಆ ಅಂಗಡಿಯಲ್ಲಿ ನನಗೆ ತಲೆ ಕೆಟ್ಟುಹೋಗಿತ್ತು. ದಿನವೂ ಡೊಂಬಿವಲಿಯಿಂದ ಆಫೀಸಿಗೆ ಹೋಗಲು, ರಜೆಯಲ್ಲಿ ನಮ್ಮೂರು ಉಡುಪಿಯವರೆಗೂ ತುಳಿಯಲು ಒಂದೇ ಸೈಕಲ್ ಬೇಕಿತ್ತು. ಟ್ರಾಫಿಕ್ಕಿನಲ್ಲಿ ನೆಟ್ಟಗೆ ಕೂರಬೇಕು, ಹೆದ್ದಾರಿಯ ಗಾಳಿಗೆ ಬಗ್ಗಬೇಕು. ಅಮ್ಮ ಜೊತೆಗೆ ಬಂದದ್ದೇ ಬೇಡವೆನ್ನಲು ಎಂದುಕೊಂಡಿದ್ದೆ.

"ಹ್ಯಾಂಡಲ್ ತಿರುಗಿಸಿದ್ರೆ ಆಯ್ತಲ್ಲ ಮಾರಾಯ್ತಿ. ಪೇಟೆಯಲ್ಲಿ ಕೊಂಬು ಮೇಲೆ, ದೂರ ಹೋಗ್ಲಿಕ್ಕೆ ಕೆಳಗೆ. ನಾವು ಹಾಗೇ ಮಾಡ್ತಿದ್ದದ್ದು" ಎಂದಳು.

"ಆಂಟೀ, ಅಬ್ ಐಸಾ ನಹೀಂ ಹೋತಾ" ಎಂದು, ಈಗ ಹಾಗೆಲ್ಲ ಮಾಡುವುದಿಲ್ಲವೆಂಬಂತೆ, ಅಂಗಡಿಯವ ನಕ್ಕ. ಅಮ್ಮ ಕೈ ತೆಗೆದು ಸೆರಗು ಸರಿಮಾಡಿಕೊಂಡಳು. ಅವಳು ಸೈಕಲ್ ಮುಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅದೇ ಮಾದರಿಯ ಸೈಕಲ್ ಬುಕ್ ಮಾಡಿದೆ. ಆರಿಸಿದ್ದು ಸರಿಯೋ ತಪ್ಪೋ ಈಗಲೂ ತಿಳಿಯದು. ಲೋಕಲ್ ರೈಲಿನಲ್ಲಿ ಮರಳುವಾಗ ಅವಳನ್ನು ಒಂದು ಮಾತು ಕೇಳಿದೆ. ಅಮ್ಮ ಕಿಟಕಿಯ ಕಡೆ ತಿರುಗಿದಳು.

"ನಾವು ಅಂದ್ರೆ ಯಾರಮ್ಮ? ದೂರ ಅಂದ್ರೆ ಎಲ್ಲಿಗೆ?"